ಹನ್ನೆರಡು ಲಾಡಿ

ಹುಮನಾಬಾದಿನ ಬಸ್ ಸ್ಟ್ಯಾಂಡ್ ಹಿಂದ, ಸೋಡಾ ಅಂಗಡಿ ಬಾಜೂಕ
ನಾನು, ಮಷೀನು, ಒಂದು ಬಲ್ಬು.
ಕಸ್ತೂರಿಬಾಯಿಯವರು ಮೊಬೈಲ್ ಮುಂದ ಹಿಡಿದರು:
ಬಿಳೀ ಸರಳಿನ ತೊಟ್ಟಿಲು, ಒಳಗ ಸುತ್ತಲೂ
ಗುಲಾಬಿ ದಿಂಬಿನ ಗೋಡಿ, ಗೋಡಿ ಮ್ಯಾಲ ಮೊಲ.
"ಹಿಂಗಽ ಬೇಕು ಮಾಣಿಕ್. ಸರಳಿನ ಸಂದಿಗೆ
ಕೂಸಿನ ಕೈ ಸಿಗಬಾರದು, ತಲಿ ಬಡೀಬಾರದು.
ಮಗಳು ಶನಿವಾರ ದವಾಖಾನಿಂದ ಬರ್ತಾಳ."

ಅಳತಿ ಬರಕೊಂಡೆ. ಎರಡು ಇಂಚಿನ ಫೋಮು,
ಮ್ಯಾಲ ರೂಬಿಯಾ, ಒಳಗ ಅಸ್ತರು,
ಸರಳಿಗೆ ಕಟ್ಲಾಕ ಹನ್ನೆರಡು ಲಾಡಿ.
ಮೊಲದ ಕಣ್ಣಿಗೆ ಕಪ್ಪು ರೇಷ್ಮಿ ಹಾಕಿದೆ, ಮಜೂರಿ ಹಿಡೀದ.
ಚಂದ ಇತ್ತು. ಸುಳ್ಳ್ಯಾಕ ಹೇಳಲಿ.

ಸಂಜೀಕ ಮಾರ್ಥಮ್ಮ ಸಿಸ್ಟರ್ ಬಂದಳು,
ಯೂನಿಫಾರ್ಮಿನ ಸೊಂಟ ಸಡಿಲ ಮಾಡಿಸಲಾಕ.
ಮೊಲ ನೋಡಿ ನಗಲಿಲ್ಲ. ಹೆಬ್ಬೆಟ್ಟಿಲೆ ಫೋಮು ಒತ್ತಿ
ಒತ್ತಿದ ಕುಣಿ ತುಂಬೋತನಕ ನೋಡಿಕೋತ ನಿಂತಳು.
"ಇದಕ್ಕ ಮೂಗು ತಾಗಿದ್ರ
ಹಿಂದ ಸರೀಲಾಕ ಕೂಸಿನ ಕುತ್ತಿಗ್ಯಾಗ ಬಲ ಇರಲ್ಲ, ಮಾಣಿಕಣ್ಣ.
ಅಳಲಾಕೂ ಗಾಳಿ ಬೇಕಲ್ಲ."
ಒಂದೂವರಿ ಇಂಚು ಬಿಡು, ಅಂತ ಸೊಂಟ ತೋರಿಸಿ ಹೋದಳು.

ಶಟರ್ ಅರ್ಧ ಇಳಿಸಿ, ಯಾರೂ ಇಲ್ಲ ಅಂತ ನೋಡಿಕೊಂಡು
ಐವತ್ತಾರು ವರ್ಷದ ಮೂಗು ಮೊಲದ ಹೊಟ್ಟ್ಯಾಗ ಹುಗಿದೆ.
ಮೊದಲು ಹೊಸ ಅರಬಿ ವಾಸನಿ, ಗಂಜಿ.
ಆಮ್ಯಾಲ ನಂದಽ ಉಸಿರು, ಬಿಸಿ,
ಬಿಟ್ಟದ್ದಽ ತಿರುಗಿ ಬರ್ಲಾಕತ್ತು.
ಎಣಿಸಿದೆ. ಹದಿನೇಳಕ್ಕ ತಲಿ ಎತ್ತಿದೆ.
ಎತ್ಲಾಕ ಬಂತು, ಎತ್ತಿದೆ.

ನನಗೂ ತಂಗಿ ಸುಭದ್ರಾಗೂ ನಡುವ ಒಂದಿತ್ತು,
ಹೆಸರು ಇಡೋದರೊಳಗ ಹೋದದ್ದು.
ಪುಷ್ಯದ ಥಂಡಿ. ನಾಕು ಹಳೇ ಸೀರಿ ಕೂಡಿಸಿ
ಅವ್ವ ಹೊಲಿದ ಕೌದಿ, ಎಡಕ್ಕ ಒಂದು ದಿಂಬು, ಬಲಕ್ಕ ಒಂದು.
ಮುಂಜಾನಿ ಹಾಲಿಗೆ ಎಬ್ಬಿಸಿದರ ಏಳಲಿಲ್ಲ.
ಗಾಳಿ ಸೋಕ್ಯದ, ಅಂದರು ಓಣ್ಯಾಗಿನವರು.
ಸೋಕಿತ್ತೋ,
ಸೋಕಲೇ ಇಲ್ಲವೋ,
ಈಗ ಯಾರನ್ನ ಕೇಳಲಿ. ಅವ್ವ ಹೋಗಿ ಒಂಬತ್ತು ವರ್ಷ.
ಚಲೋ ಆಯ್ತು, ಸಿಸ್ಟರ್ ಮಾತು ಅವ್ವನ ಕಿವಿಗೆ ಬೀಳಲಿಲ್ಲ
ಅಂದುಕೊಂಡೆ. ಅಂದುಕೊಂಡದ್ದಕ್ಕ ನಾಚಿಕಿ ಬಂತು.

ಹೊಲಿಯೋದಕ್ಕಿಂತ ಬಿಚ್ಚೋದು ನಿಧಾನ.
ಬ್ಲೇಡಿನ ಮೂಲಿ ಟಾಕಾದ ಕೆಳಗ, ಒಂದೊಂದಽ.
ಹನ್ನೆರಡೂ ಲಾಡಿ ನೆಲಕ್ಕ ಬಿದ್ದಾಗ ರಾತ್ರಿ ಹನ್ನೊಂದು.
ಮೊಲ ಬಿಚ್ಲಾಕ ಮನಸಾಗಲಿಲ್ಲ, ಇಡಿಯಾಗಿ ಕತ್ತರಿಸಿಟ್ಟೆ.

ಶುಕ್ರವಾರ ಕಸ್ತೂರಿಬಾಯಿಯವರು ಚೀಲ ಬಿಚ್ಚಿದರು:
ಗಟ್ಟಿ ಗಾದಿಗೆ ಬಿಗಿಯಾಗಿ ಕೂಡೋ ಹಾಸು, ನಾಕೂ ಮೂಲಿಗೆ ಇಲಾಸ್ಟಿಕ್.
ತೋಳಿಲ್ಲದ ಉದ್ದ ಅಂಗಿ, ಕಾಲಿನ ಕಡಿ ಹೊಲಿದು ಮುಚ್ಚಿದ್ದು,
ಹೊದಿಯೋದರ ಬದಲಿ. ಹಂಗಽ ಫೋಮು. ಆ ಮೊಲ.
"ಗೋಡಿ ಎಲ್ಲಿ?"
"ಇಲ್ರಿ."
"ಕೈ ಸಿಕ್ಕರ?"
"ಸಿಕ್ಕರ ಅಳ್ತದ್ರಿ. ಅತ್ತರ ನಿಮಗ ಕೇಳಸ್ತದ."
ಸುಮ್ಮನಾದರು. ಆಮ್ಯಾಲ ಬೈದರು.
ಫೋಮಿನ ರೊಕ್ಕ ಮುರಕೊಂಡು ಉಳಿದದ್ದು ಕೊಟ್ಟರು.

ಹದಿನೈದು ದಿನಕ್ಕ ಅವರ ಮನಿಗೆ ಪರದೆ ಅಳಿಲಾಕ ಹೋದೆ.
ತೊಟ್ಟಿಲದಾಗ ದಿಂಬಿಲ್ಲ, ಕೌದಿ ಇಲ್ಲ, ಗೊಂಬಿ ಇಲ್ಲ,
ಏನಂದರ ಏನೂ ಇಲ್ಲ, ಕೂಸೊಂದು ಬಿಟ್ಟು.
ಅಂಗಾತ ಮಲಗಿತ್ತು ಎರಡೂ ತೋಳು ಚಾಚಿ,
ಮೇಜಿನ ಮ್ಯಾಲ ಅಳತಿಗೆ ಹಾಸಿದ ಸಣ್ಣ ಜುಬ್ಬದಂಗ.
ಮೊಲ ಎದುರಿನ ಗೋಡಿಗೆ, ಎತ್ತರದ ಮೊಳಿಗೆ.

ಟೇಪು ಕೊರಳಾಗ ಇತ್ತು. ಕಿಟಕಿ ಮರತು
ಆ ಎದಿ ಏರೋದು, ಇಳಿಯೋದು, ಏರೋದು.
ಹದಿನೇಳು ದಾಟಿತು.
"ಎಷ್ಟು ಮೀಟರ್ ಬೇಕಾಗ್ತದ?" ಕೇಳಿದರು ಕಸ್ತೂರಿಬಾಯಿ.
ತಡೀರಿ, ಅಂದೆ.