ಹನ್ನೊಂದು ಗಂಟೆಯ ಜ್ವರ

ಎಂಟು ಗಂಟೆಗೆ ಬಾಗಿಲಲ್ಲಿ ನಿಂತು
ಒಂದೊಂದೇ ಅಂಗೈ ಮಗುಚಿ ನೋಡುತ್ತೇನೆ.
"ಜೋಯಿಸರು ಬಂದರು" ಎಂದು ನಗುತ್ತಾರೆ ಬೋಳಾರದ ಅಮ್ಮಂದಿರು.
ಭವಿಷ್ಯ ಅಲ್ಲ ಮಾರಾಯ್ರೆ, ಬೊಕ್ಕೆ ಹುಡುಕುವುದು.
ಆಯುಷ್ಯರೇಖೆಯ ಪಕ್ಕ ಸಾಸಿವೆಯಷ್ಟು ಕೆಂಪು ಉಂಟಾ,
ಬಾಯಿ ತೆರೆ ಮಗಾ, ಆ ಅನ್ನು, ಇನ್ನೂ ದೊಡ್ಡ ಆ,
ಚಪ್ಪಲಿ ತೆಗೆ, ಪಾದ ತೋರಿಸು.

ಸೋಮವಾರ ಒಂದು ಮಗುವಿನ ಕೈಯಲ್ಲಿ ಸಿಕ್ಕಿತು.
ಎಲ್ಲರ ಮೊಬೈಲಿಗೂ ಬರೆದು ಹಾಕಿದೆ:
ನಮ್ಮಲ್ಲಿ ಒಬ್ಬರಿಗೆ ಕೈ-ಕಾಲು-ಬಾಯಿ ಬೇನೆ,
ಜ್ವರ ಇದ್ದರೆ ಕಳಿಸಬೇಡಿ, ಉಗುರು ಕತ್ತರಿಸಿ, ಹೆದರಬೇಡಿ.
ಹೆಸರು ಬರೆಯಬಾರದು. ಬರೆಯಲಿಲ್ಲ.
ಆದರೆ ಗೋಡೆಯಲ್ಲಿ ಚೀಲ ತೂಗಿಸುವ ಹದಿನೆಂಟು ಮೊಳೆ,
ಮೊಳೆಗೊಂದು ಚಿತ್ರ,
ಏಡಿಯ ಮೊಳೆ ಖಾಲಿ.
ಸಂಜೆಯೊಳಗೆ ಎಲ್ಲರಿಗೂ ಗೊತ್ತು
ಏಡಿ ಯಾರದ್ದೆಂದು.
ಝುಲೈಖಾ ಅತ್ತುಕೊಂಡು ಫೋನ್ ಮಾಡಿದಳು:
"ನಿಮ್ಮ ಮನೆ ಕ್ಲೀನ್ ಇಲ್ಲವಾ ಅಂತ ಕೇಳಿದರು ಟೀಚರ್,
ಲಿಫ್ಟಿನಲ್ಲಿ, ನನ್ನ ಮುಖ ನೋಡದೆ."

ಮಂಗಳವಾರ ಆಟಿಕೆಗಳನ್ನೆಲ್ಲ ಬ್ಲೀಚಿಂಗ್ ನೀರಲ್ಲಿ ಅದ್ದಿ
ತಾರಸಿಯ ಬಿಸಿಲಿಗೆ ಹರಡಿದೆವು, ನಾನೂ ಬೆನಡಿಕ್ಟಾ ಬಾಯಿಯೂ.
ಒಂದು ಕಾಗೆ ಬಂದು ನೀಲಿ ಕಾರನ್ನೇ ಆರಿಸಿ ಹೊತ್ತೊಯ್ದಿತು.
ಆ ಕಾರಿಗಾಗಿ ದಿನಾ ಮೂರು ಜಗಳ.
"ಒಂದು ಕೇಸು ಮುಗಿಯಿತು" ಅಂದಳು ಬೆನಡಿಕ್ಟಾ.

ಬುಧವಾರ ನಳಿನಾಕ್ಷಿ.
ಸೊಂಟದ ಮೇಲೆ ಮಗ ಧನ್ವಿತ್, ತಲೆ ಅವಳ ಹೆಗಲಿಗೆ.
ಥರ್ಮಾಮೀಟರು ತೊಂಬತ್ತೆಂಟು ಚಿಲ್ಲರೆ ಅಂದಿತು.
ಅಂಗೈಯಲ್ಲಿ ಏನೂ ಇಲ್ಲ.
ಉಸಿರಿನಲ್ಲಿ ಮಾತ್ರ ಸ್ಟ್ರಾಬೆರಿ ವಾಸನೆ.
ಬೋಳಾರದಲ್ಲಿ ಬೆಳಗ್ಗೆ ಏಳಕ್ಕೆ ಯಾರ ಮನೆಯಲ್ಲಿ ಸ್ಟ್ರಾಬೆರಿ?

ನನಗೆ ಗೊತ್ತು ಆ ವಾಸನೆ.
ಗುಲಾಬಿ ಬಣ್ಣ, ಮುಚ್ಚಳದಲ್ಲಿ ಅಳೆದು ಐದು ಎಂ.ಎಲ್.,
ಅದರ ದಯೆ ನಾಲ್ಕು ಗಂಟೆ.
ನನ್ನ ಮಗಳು ಎರಡು ವರ್ಷದವಳಿದ್ದಾಗ
ನಾನೂ ಕುಡಿಸಿದ್ದೆ, ಪಕ್ಕದ ಮನೆಯಲ್ಲಿ ಬಿಟ್ಟು
ಇಂಟರ್‌ವ್ಯೂಗೆ ಓಡಿದ್ದೆ.
ಇದೇ ಕೆಲಸದ ಇಂಟರ್‌ವ್ಯೂ.

"ರಾತ್ರಿ ಜ್ವರ ಇತ್ತಾ?"
ನಳಿನಾಕ್ಷಿ ಬೆರಳು ಮುಂದೆ ಹಿಡಿದಳು,
ಗೇರುಬೀಜದ ಸಿಪ್ಪೆಯೆಣ್ಣೆಗೆ ಕಪ್ಪಾಗಿ, ತೊಗಲು ದಪ್ಪಗಟ್ಟಿ:
"ನನ್ನ ಕೈಗೆ ಬಿಸಿ ಗೊತ್ತಾಗುವುದಿಲ್ಲ ಟೀಚರ್."
ಅದು ಸುಳ್ಳಲ್ಲ.
ಕೆನ್ನೆಗೆ ಗೊತ್ತಾಗುತ್ತದೆ; ಅದನ್ನು ನಾನು ಕೇಳಲಿಲ್ಲ.
ಕಾರ್ಖಾನೆಯ ಸೈರನ್ ಕೂಗಿತು. ಇಬ್ಬರೂ ಆ ಕಡೆ ನೋಡಿದೆವು.
ನಾನು ಮಗುವನ್ನು ಎತ್ತಿಕೊಂಡೆ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ
ಜ್ವರ ಬಂತು, ಡ್ಯೂಟಿಗೆ ಬರುವವರ ಹಾಗೆ.
ಅಕ್ಕಿ ಮೂಟೆಯ ಕೋಣೆಯಲ್ಲಿ ಚಾಪೆ ಹಾಸಿ
ಅವನನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತೆ.
ಅವನ ಅಮ್ಮನ ಫೋನು ಕಾರ್ಖಾನೆಯ ಕಪಾಟಿನಲ್ಲಿ, ಊಟದ ಗಂಟೆಯವರೆಗೆ.
ಗಂಜಿತಿಳಿ ಚಮಚದಲ್ಲಿ ಕೊಟ್ಟರೆ ನುಂಗಲಾರ,
ನಾಲಗೆಯಲ್ಲಿ ಅಷ್ಟರಲ್ಲೇ ಮೂರು ಹುಣ್ಣು.
ಹೊರಗೆ ಹದಿನಾರು ಮಕ್ಕಳು ಹಾಡುತ್ತಿದ್ದರು;
ಅವರಲ್ಲಿ ಎಷ್ಟು ಜನರಿಗೆ ಇವನು ಬೆಳಗ್ಗೆ
ತನ್ನ ನೀರಿನ ಬಾಟಲಿ ಕೊಟ್ಟಿದ್ದ,
ಲೆಕ್ಕ ಹಾಕತೊಡಗಿ, ಬಿಟ್ಟೆ.

ಒಂದು ಗಂಟೆಗೆ ಓಡಿ ಬಂದಳು ನಳಿನಾಕ್ಷಿ.
ಬೈಯಲಿಕ್ಕೆ ಜೋಡಿಸಿಟ್ಟ ಮಾತೆಲ್ಲ ತಯಾರಿತ್ತು.
"ಐಸ್‌ಕ್ಯಾಂಡಿ ಕೊಡು, ತಣ್ಣಗಿನದ್ದು ಇಳಿಯುತ್ತದೆ" ಅಂದೆ.

ಮುಂದಿನ ವಾರ ಐದು ಮೊಳೆ ಖಾಲಿ.
ಅದರ ಮುಂದಿನ ವಾರ ಧನ್ವಿತ್ ಬಂದ,
ಅಂಗೈಯ ತೊಗಲು ಹಳೇ ಪೈಂಟಿನ ಹಾಗೆ ಏಳುತ್ತಿತ್ತು,
ಅಡಿಯಲ್ಲಿ ಹೊಸತು.
ಸರಿ ಉಂಟು, ಒಳಗೆ ಹೋಗು ಅಂದೆ.
ಹೋಗಲಿಲ್ಲ.
"ಈಗ ನಿಮ್ಮದು" ಅಂದ,
ನನ್ನ ಕೈ ಹಿಡಿದು ಮಗುಚಿದ, ಬಗ್ಗಿ ನೋಡಿದ.
ಹೆಬ್ಬೆರಳ ಬುಡದಲ್ಲಿ, ಸಾಸಿವೆಯಷ್ಟು.

ಎಂಟು ಐದು. ಬೆನಡಿಕ್ಟಾ ರಜೆ.
ಗೇಟಿನ ಹೊರಗೆ ಏಳು ಮಂದಿ ಅಮ್ಮಂದಿರು, ಗಡಿಯಾರ ನೋಡುತ್ತಾ.
ದೂರದಲ್ಲಿ ಸೈರನ್.
ನಾನು ಮುಷ್ಟಿ ಮಡಚಿದೆ.