ಬಸಿಗಾಲುವೆ

ನಮ್ಮವ್ವ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು.
ಗಿರಣಿ ಮುಂದೆ ಜೋಳದ ಹಿಟ್ಟು ನುಣ್ಣಗೆ ಬಂತೋ ಇಲ್ಲವೋ ಎಂದು
ಬೆರಳಲ್ಲಿ ಹಿಸುಕುವ ಹಾಗೆ ಮೊದಲು ಹಿಸುಕಿ,
ಆಮೇಲೆ ಬಾಯಿಗೆ.
"ಇದು ಇನ್ನಾ ಐತಿ" ಅನ್ನುವಳು.
ಇಲ್ಲ, ಉಗುಳಿ, "ಹೋತು."

ಹೋದದ್ದು ಕಾಲುವೆ ಬಂದ ಮೇಲೆ.
ನೀರಿಲ್ಲದೆ ಸಾಯುವ ಹೊಲ ಎಲ್ಲರಿಗೂ ಗೊತ್ತು.
ಕುಡಿದು ಕುಡಿದು ಸತ್ತ ಹೊಲಕ್ಕೆ
ಹೇಗೆ ಅಳಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.
ವರ್ಷಕ್ಕೆ ಎರಡು ನೆಲ್ಲು, ಯಾವಾಗಲೂ ಹಿಮ್ಮಡಿ ಮುಳುಗುವ ನೀರು,
ಎರೆಮಣ್ಣೋ ಜಿಪುಣ, ಕೆಳಗೊಂದು ಹನಿ ಬಿಡದು.
ಬೇಸಿಗೆಗೆ ಒಳಗಿನ ಉಪ್ಪು ಮೆಲ್ಲಗೆ ಎದ್ದು ಬಂತು,
ದುಡಿದವನ ಅಂಗಿಯ ಬೆನ್ನಿನಲ್ಲಿ
ಬೆವರು ಒಣಗಿ ನಿಲ್ಲುವ ಬಿಳಿ ಗೆರೆಯಂತೆ.

ಸವಳು, ಜವಳು.
ಹೆಣ್ಣು ಕೇಳಲು ಬಂದವರೂ
ಚಹಾ ಆರುವ ಮೊದಲೇ ವಿಚಾರಿಸುವರು:
ಸವಳೆಷ್ಟು, ಜವಳೆಷ್ಟು, ಉಳಿದದ್ದೆಷ್ಟು?

ಹೊಲ ನನ್ನದಲ್ಲ. ಹೇಳಿಬಿಡುತ್ತೇನೆ.
ಕ್ಯಾಂಪಿನ ವೀರರಾಘವಯ್ಯನದು, ಹದಿನೇಳೆಕರೆ,
ಸಿಂಧನೂರಿನ ಆಚೆ, ಕೊನೆಯ ತೂಬಿನ ಕೆಳಗೆ.
ನನ್ನದು ಕೂಲಿ.
ತೂತು ತೂತಿನ ಕರಿ ಪೈಪಿಗೆ ತೆಂಗಿನ ನಾರು ಸುತ್ತುವುದು
ನಾನು, ಶೇಖಮ್ಮ, ಗದ್ದೆಮ್ಮ, ಹುಸೇನಬಿ
ಬದುವಿನ ಮೇಲೆ ಸಾಲಾಗಿ ಕುಳಿತು.
ಹುಸೇನಬಿ ಅಂದಳು, "ಹಸಗೂಸಿಗೆ ಸುತ್ತಿದಂಗ."
ಶೇಖಮ್ಮ ಅಂದಳು, "ಹೆಣಕ್ಕ ಸುತ್ತಿದಂಗ."
ಪೈಪು ಎರಡಕ್ಕೂ ಸುಮ್ಮನಿತ್ತು.

ನಾಲ್ಕಡಿ ಆಳ. ನೂರಡಿಗೆ ಎರಡಿಂಚು ಇಳಿಜಾರು.
ಇಷ್ಟರಲ್ಲೇ ನೀರಿಗೆ ತಿಳಿಯಬೇಕು
ಇಲ್ಲಿಂದ ಹೊರಡಬಹುದು ಎಂದು.
ಮಟ್ಟ ನೋಡುವ ಹುಡುಗ ಮೂರು ಸಲ ಕೀಳಿಸಿದ.
ನಾವು ಅವನ ವಂಶಕ್ಕೆಲ್ಲ ಬೈದೆವು.
ಅವನ ಲೆಕ್ಕ ಸರಿಯಿತ್ತು.

ಹನ್ನೊಂದನೆಯ ದಿನ ಪೈಪಿನ ಬಾಯಲ್ಲಿ
ಡಿಕಾಕ್ಷನ್ ಬಣ್ಣದ ಸಣ್ಣ ಧಾರೆ.
ಎಲ್ಲರೂ ಚಪ್ಪಾಳೆ ತಟ್ಟಿದರು, ವೀರರಾಘವಯ್ಯ ಪೇಡೆ ಹಂಚಿದ.
ನಾನು ಬೆರಳದ್ದಿ ನೆಕ್ಕಿದೆ.
ಪೇಡೆ ಬಾಯಲ್ಲಿದ್ದರೂ
ಉಪ್ಪು ಗೆದ್ದಿತು.

ಹಳ್ಳದ ಕೆಳಗಿನಿಂದ ಮೌಲಪ್ಪ ಬಂದ,
ಹಿಂದೆ ಅರವತ್ತು ಕುರಿ.
"ನಿಮ್ಮ ಹೊಲ ಬಾಯಿ ಮುಕ್ಕಳಿಸಿ
ನಮ್ಮ ಹಳ್ಳಕ್ಕ ಉಗಳಿದಂಗಾತಲ್ಲ."
ಹುಡುಗ ನಕಾಶೆ ಬಿಚ್ಚಿದ.
ಅದರಲ್ಲಿ ನೀಲಿ ಗೆರೆ ಬದುವಿಗೆ ಬಂದು ಮುಗಿದಿತ್ತು,
ಅಲ್ಲಿಂದಾಚೆ ನೀರು ಇರುವುದೇ ಇಲ್ಲವೆಂಬಂತೆ.
ಮಡಚಿ ಇಟ್ಟುಕೊಂಡ. ಆ ದಿನ ಯಾರೂ ಮಾತಾಡಲಿಲ್ಲ.

ಆಮೇಲೆ ಪೈಪಿನ ಬಾಯಿಗೊಂದು ತಗಡಿನ ಬಾಗಿಲು.
ಮಳೆಗಾಲದಲ್ಲಿ ಹಳ್ಳ ಕೆಂಪಾಗಿ ಮೈತುಂಬಿ ಬಂದಾಗ ತೆರೆಯಬೇಕು,
ಸೊರಗಿದಾಗ ಮುಚ್ಚಬೇಕು.
ನಡುವೆ ಒಂದು ಗುಂಡಿ, ಗುಂಡಿಯ ತುಂಬ ಜೊಂಡು.
ಜೊಂಡು ಗೊಬ್ಬರ ತಿನ್ನುತ್ತದೆ, ಉಪ್ಪು ತಿನ್ನುವುದಿಲ್ಲ.
ಉಪ್ಪು ತಿನ್ನುವಂಥದ್ದು ಯಾವುದೂ ಇಲ್ಲ;
ಅದನ್ನು ತೆಳುವಾಗಿಸಿ, ಹೊತ್ತು ನೋಡಿ,
ಕೆಳಗಿನವರಿಗೆ ಹೇಳಿ ಕಳಿಸಬೇಕು, ಅಷ್ಟೇ.

ಬಾಗಿಲಿನ ಕೀಲಿ ನನ್ನ ಸೊಂಟದಲ್ಲಿದೆ.
ಮನೆ ಹತ್ತಿರ ಎಂದು ಕೊಟ್ಟರು.
ಮೀಟರೂ ಕೊಟ್ಟಿದ್ದಾರೆ,
ನೀರಿಗಿಟ್ಟರೆ ಅಂಕಿ ತೋರಿಸುತ್ತದೆ. ಬರೆದಿಡುತ್ತೇನೆ.

ಇದು ಮೂರನೆಯ ವರ್ಷ.
ಡಯಂಚ ಬಿತ್ತಿ, ಹೂವಿಗೆ ಬಂದಾಗ ಮಣ್ಣಿಗೆ ಮುಗುಚಿ,
ಮತ್ತೆ ಬಿತ್ತಿ, ಮತ್ತೆ ಮುಗುಚಿ,
ತೆಂಕಣ ಅಂಚಿಗೆ ಮೂರು ಸಾಲು ಬಿಳಿಜೋಳ ತೆನೆ ಕಟ್ಟಿದೆ.
ಹೊಲದ ನಡುವೆ ಇನ್ನೂ ಜಮಖಾನೆಯಷ್ಟಗಲ ಬೋಳು.
ಅಲ್ಲಿ ಇರುವೆಯೂ ಸುತ್ತು ಹಾಕಿ ಹೋಗುತ್ತದೆ.
ವೀರರಾಘವಯ್ಯ ಕೇಳುತ್ತಾನೆ,
ಬರುವ ವರ್ಷ ಮತ್ತೆ ಎರಡು ನೆಲ್ಲು ಹಾಕೋಣವೇ?
ಕೀಲಿ ಗಿಲಕಿಸುತ್ತೇನೆ.

ವಾರಕ್ಕೊಮ್ಮೆ ಮೌಲಪ್ಪ
ತಂಬಿಗೆಯಲ್ಲಿ ಹಳ್ಳದ ನೀರು ತರುತ್ತಾನೆ.
ಮೀಟರನ್ನು ಅವನು ನಂಬುವುದಿಲ್ಲ, "ನೀ ನೋಡು" ಅನ್ನುತ್ತಾನೆ.
ಅಂಗೈಗೆ ಸುರಿದುಕೊಂಡು ಬಾಯಿಗಿಡುತ್ತೇನೆ,
ನಾಲಿಗೆಯ ಬದಿಗೆ ಸರಿಸಿ, ತಡೆದು.
ಹಿಂದೆ ಕುರಿಗಳೆಲ್ಲ ತಲೆಯೆತ್ತಿ
ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತವೆ.