ಕರಿಮಣಿ ಬೆನ್ನಿಗೆ

ಬೋಟುಗಳ ರಜೆ ಮುಗಿದಿದೆ. ಬೆಳಗಿಗೆ ಮೊದಲ ಮೀನು.
ಬೈತಖೋಲದ ಧಕ್ಕೆಯಲ್ಲಿ ಐಸ್ ಫ್ಯಾಕ್ಟರಿ ಗುರ್ ಎನ್ನತೊಡಗಿದೆ,
ನನ್ನ ಟೆಂಪೊ ಮಾತ್ರ
ಕೀಲಿ ತಿರುಗಿಸಿದರೆ ಟಕ್ ಅಂತ ಒಂದೇ ಮಾತಾಡಿ
ಸುಮ್ಮನಾಗುತ್ತದೆ.

ಎರಡು ತಿಂಗಳು ನಿಲ್ಲಿಸಿಟ್ಟದ್ದು ನನ್ನದೇ ತಪ್ಪು.
ವಾರಕ್ಕೊಮ್ಮೆ ಸ್ಟಾರ್ಟ್ ಮಾಡು ಅಂದಿದ್ದ ಇನಾಸ್.
ಉಪ್ಪುಗಾಳಿಗೆ ಟರ್ಮಿನಲ್ಲಿನ ತುಂಬ ಹಸಿರು ಬೂಷ್ಟು.
ಮೊದಲು ಕಪ್ಪು ತಂತಿ ಬಿಚ್ಚಿದೆ, ಆಮೇಲೆ ಕೆಂಪು,
ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ,
ಮಗುವಿನ ಕಿವಿಯ ಹಿಂದೆ ತಿಕ್ಕುವ ಹಾಗೆ.

ಕೋಡಿಬಾಗದ ಆ ಅಂಗಡಿಯಲ್ಲಿ ಇನಾಸನ ಬೆರಳು ನೋಡಿದ್ದೆ.
ಉಂಗುರವಿರಲಿಲ್ಲ.
ಉಂಗುರದ ಜಾಗದಲ್ಲಿ ಉಂಗುರದಂಥದೇ ಕಲೆ,
ನುಣ್ಣಗೆ, ಸುತ್ತ ಪೂರ್ತಿ.
ಮದುವೆಯಾದ ಒಂಬತ್ತನೇ ದಿನ
ಅವಸರದಲ್ಲಿ ಕೆಂಪನ್ನೇ ಮೊದಲು ಬಿಚ್ಚಲು ಹೋಗಿ,
ಉಂಗುರ ಅತ್ತ ಪಾನಾಕ್ಕೆ, ಇತ್ತ ಬಾಡಿಯ ತಗಡಿಗೆ ತಾಗಿ
ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಡ.
"ಪಾದ್ರಿ ಹಾಕಿಸಿದ್ದನ್ನ ಬ್ಯಾಟರಿ ಬಿಚ್ಚಿಸ್ತು ಬಾಯೆ,
ಬ್ಯಾಟರಿ ಹಾಕಿದ್ದನ್ನ ಯಾರು ಬಿಚ್ಚೂದು?"
ನಗುತ್ತಲೇ ನನ್ನ ಕೈ ನೋಡಿ ಹೇಳಿದ:
"ಗಾಜಿನ ಬಳೆ ಇರಲಿ. ಬಂಗಾರದ್ದು ತೆಗಿ.
ಕರಿಮಣಿ ಬೆನ್ನಿಗೆ ಹಾಕ್ಕೊ."

ಹಾಕಿಕೊಂಡೆ. ತಾಳಿಯ ಎರಡು ಬಟ್ಟಲು
ಬೆನ್ನುಹುರಿಗೆ ತಣ್ಣಗೆ ತಾಗಿದವು.

ಒಳಗೆ ತರಬಾರದು, ಅಡಿಗೆಮನೆಗಂತೂ ಬೇಡವೇ ಬೇಡ,
ಇದು ಉಸಿರು ಬಿಡುವ ಸಾಮಾನು.
ಮಳೆಯ ಎರಚಲು ಮುಟ್ಟದ ಜಗಲಿಯ ಮೂಲೆಗೆ ಹಲಗೆ ಹಾಕಿ ಇಟ್ಟೆ.
ವೆಲ್ಡಿಂಗ್ ಶೆಡ್ಡಿನಿಂದ ಕಡ ತಂದ ಕನ್ನಡಕ ಏರಿಸಿ
ಬಿರಡೆ ತಿರುಗಿಸಿ ಟಾರ್ಚಿನಲ್ಲಿ ಇಣುಕಿದೆ.
ಮೂರನೇ ಕೋಣೆಯಲ್ಲಿ ತಗಡು ಬೆತ್ತಲು.
ಬಾಟಲಿಯ ಬಟ್ಟಿನೀರು, ಮುಳುಗುವಷ್ಟೇ.
ನಮ್ಮ ಬಾವಿಯದ್ದು ಆಗದು,
ಅದಕ್ಕೆ ಸಮುದ್ರದ ನೆಂಟಸ್ತಿಕೆ ಜಾಸ್ತಿ.

ಕೆಂಪು ಚಿಮಟ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ.
ಕಚ್ಚಿ ಕೂತವೋ ಅಂತ ಅಲುಗಿಸಿ ನೋಡಿ
ಆಮೇಲೆ, ಆಮೇಲೆಯೇ, ಗೋಡೆಯ ಸ್ವಿಚ್ಚು.
ಚಾರ್ಜರಿನ ಮುಳ್ಳು ಏಡಿಯ ಕಾಲಿನಂತೆ ತಡವರಿಸಿ
ಮೇಲೆದ್ದಿತು.

ದತ್ತಾರಾಮ ಬಂದ, ಬೀಡಿ ಬಾಯಲ್ಲಿ.
"ಜೋರಿಗೆ ಇಡೇ, ಎರಡು ತಾಸಿಗೆ ಆಗ್ತದೆ. ಐದಕ್ಕೆ ಹರಾಜು."
"ಹಸಿದ ಹೊಟ್ಟೆಗೆ ಒಮ್ಮೆಲೇ ತುರುಕಬಾರದು.
ನೀ ಬೀಡಿ ತಗಂಡು ತೆಂಗಿನಮರದಾಚೆ ಹೋಗು."
ಅವನ ಜಗಲಿಯಿಂದ ಅವನನ್ನೇ ಓಡಿಸುವುದೆ?
ಮುಖ ಊದಿತು.
ಆ ಗುಳ್ಳೆಗಳಲ್ಲಿ ಕಾಣದ ಗಾಳಿಯಿದೆ, ಕಿಡಿಯೊಂದು ಸಾಕು,
ಅಂತ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ.
ಇನಾಸನ ಹಾಗೆ ಬೆರಳೆತ್ತಿ ತೋರಿಸಿದೆ.
ಕಲೆಯಿಲ್ಲದ ಬೆರಳು. ಆದರೂ
ಹೋದ.

ಇನಾಸನ ಅಂಗಡಿಯಲ್ಲಿ ಈಗ
ನೀರು ಕೇಳದ ಬ್ಯಾಟರಿ ಮಾರುತ್ತಾರಂತೆ,
ಇಣುಕಲು ಬಿರಡೆಯೇ ಇಲ್ಲ.
ಒಳಗೆ ಏನು ನಡೆದಿದೆ ಅಂತ
ಅವರು ರಾತ್ರಿ ಎದ್ದು ಯಾವುದಕ್ಕೆ ಕಿವಿಗೊಡುತ್ತಾರೋ.

ನಾನು ಎದ್ದೆ, ಮೂರು ಸಲ.
ಪಕ್ಕೆಗೆ ಅಂಗೈ ಇಟ್ಟೆ.
ಮರೆತುಹೋದ ಚಹಾದ ಲೋಟದಷ್ಟು ಬೆಚ್ಚಗೆ,
ಅದಕ್ಕಿಂತ ಹೆಚ್ಚಲ್ಲ.

ನಾಲ್ಕೂವರೆಗೆ ಸ್ವಿಚ್ಚು ಮೊದಲು.
ಗುಳ್ಳೆಯ ಪಿಸುಮಾತು ನಿಲ್ಲುವ ತನಕ ಕಾದು
ಕಪ್ಪು ತೆಗೆದೆ, ಕೆಂಪು ತೆಗೆದೆ.
ಟೆಂಪೊದಲ್ಲಿ ಕೂರಿಸುವಾಗ ಅದೇ ಹಾದಿ ಹಿಂದುಮುಂದಾಗಿ,
ಕೆಂಪು ಮುಂಚೆ, ಕಪ್ಪು ಕೊನೆಗೆ.
ಒಂದೇ ತಿರುವಿಗೆ ಇಂಜಿನ್ನು ಕೆಮ್ಮಿ, ಉಗಿದು, ಎದ್ದಿತು.
ತೆಂಗಿನಮರದಾಚೆಯಿಂದ ಓಡಿಬಂದವನು
ಏನೂ ಅನ್ನದೆ ಪಕ್ಕದ ಸೀಟಿಗೆ ಹತ್ತಿದ.

ಧಕ್ಕೆಯಲ್ಲಿ ಬಂಗುಡೆಯ ಬುಟ್ಟಿಗೆ ಬಾಗಿದಾಗ ಗೊತ್ತಾಯಿತು,
ಕರಿಮಣಿ ಇನ್ನೂ ಬೆನ್ನಿಗೇ ಇದೆ.
ಇರಲಿ.
ಬಾಗುವ ಕೆಲಸ ಇನ್ನೂ ಬಹಳ ಇದೆ.